ವಕೀಲಿಕೆಯೂ ಬೈಗುಳವೂ: ಹ್ಯೂ ನಿಬ್ಲಿ ಎಂಬ ಮಾರ್ಮನ್ ವಿದ್ವಾಂಸ

1960ರಲ್ಲಿ ಅಮೆರಿಕದ ಯೂಟಾ ರಾಜ್ಯದ ಪ್ರೊವೊ ಊರಿನಲ್ಲಿ ಒಂದು ಘಟಿಕೋತ್ಸವ. ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ, ಅಂದರೆ ಮಾರ್ಮನ್ ಚರ್ಚಿನದ್ದೇ ವಿಶ್ವವಿದ್ಯಾಲಯ. ಎಲ್ಲರೂ ಕಪ್ಪು ಗೌನು, ಚೌಕದ ಟೋಪಿ ಹಾಕಿಕೊಂಡು ಕೂತಿದ್ದಾರೆ. ಪ್ರಾರ್ಥನೆ ಮಾಡಲು ಒಬ್ಬ ಪ್ರಾಧ್ಯಾಪಕರು ಎದ್ದರು. ಬಾಯಿ ತೆರೆದವರೇ, ದೇವರೇ, ನಾವಿಂದು ಸುಳ್ಳು ಪೌರೋಹಿತ್ಯದ ಕಪ್ಪು ನಿಲುವಂಗಿ ತೊಟ್ಟು ಇಲ್ಲಿ ಸೇರಿದ್ದೇವೆ ಎಂದುಬಿಟ್ಟರು.

ಜನರೆಲ್ಲ ದಂಗಾದರು. 23 ವರ್ಷ ಕಳೆದ ಮೇಲೆ, 1983ರಲ್ಲಿ, ಅದೇ ವಿಶ್ವವಿದ್ಯಾಲಯ ಅದೇ ಮನುಷ್ಯನಿಗೆ ಗೌರವ ಡಾಕ್ಟರೇಟ್ ಕೊಟ್ಟು ಭಾಷಣಕ್ಕೆ ಕರೆಯಿತು. ಆಗ ಅವರು ಹೇಳಿದ್ದು: ನಾನು ಹಾಗೆ ನಿಜವಾಗಲೂ ಹೇಳಿದೆನಾ ಅಂತ ಬೇಕಾದಷ್ಟು ಜನ ಕೇಳಿದ್ದಾರೆ, ಹಾಗಂದರೆ ಏನರ್ಥ ಅಂತ ಒಬ್ಬರೂ ಕೇಳಲಿಲ್ಲ. ಆಮೇಲೆ ಆ ಗೌನು ಎಲ್ಲಿಂದ ಬಂತು, ಮಾತಿನ ಅಲಂಕಾರ ಹೇಗೆ ಜ್ಞಾನದ ಜಾಗಕ್ಕೆ ಬಂದು ಕೂತಿತು, ನಾಯಕರು ಇರಬೇಕಾದ ಕಡೆ ಮ್ಯಾನೇಜರುಗಳು ಹೇಗೆ ತುಂಬಿಕೊಂಡರು ಅಂತ ಉದ್ದಕ್ಕೂ ವಿವರಿಸಿದರು. ಗೌರವ ಕೊಟ್ಟವರ ಮುಂದೆಯೇ.

ಇವರ ಹೆಸರು ಹ್ಯೂ ನಿಬ್ಲಿ. 20ನೇ ಶತಮಾನದಲ್ಲಿ ಮಾರ್ಮನ್ ಧರ್ಮಕ್ಕೆ ಸಿಕ್ಕ ದೊಡ್ಡ ವಕೀಲ. ವಕೀಲ ಎಂಬ ಮಾತನ್ನು ಯೋಚಿಸಿಯೇ ಬಳಸುತ್ತಿದ್ದೇನೆ. ತಮ್ಮ ಧರ್ಮಗ್ರಂಥದ ಪರವಾಗಿ ವಾದ ಮಾಡುವುದನ್ನೇ ಜೀವಮಾನದ ಕೆಲಸ ಮಾಡಿಕೊಂಡವರು ಅವರು. ಆದರೆ ಹೊರಗಿನವರ ಜೊತೆ ಜಗಳ ಆಡಿದಷ್ಟೇ ಮನೆಯವರನ್ನೂ ಬೈದರು. ನನಗೆ ಇವರಲ್ಲಿ ಆಸಕ್ತಿ ಹುಟ್ಟಿದ್ದು ಈ ಎರಡನೆಯ ಕಾರಣಕ್ಕೆ.

ಮಾರ್ಮನ್ನರು ಅಂದರೆ ಯಾರು ಅಂತ ಮೊದಲು ಎರಡು ಮಾತು. ಬೆಂಗಳೂರಿನಲ್ಲಿ ಬಿಳಿ ಶರ್ಟು ಹಾಕಿ, ಎದೆಗೆ ಕಪ್ಪು ಹೆಸರುಪಟ್ಟಿ ಸಿಕ್ಕಿಸಿಕೊಂಡು ಜೋಡಿಯಾಗಿ ಓಡಾಡುವ ಹುಡುಗರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವರೇ. ಬೆಂಗಳೂರಿನಲ್ಲಿ ತಮ್ಮದೊಂದು ದೊಡ್ಡ ದೇವಾಲಯ ಕಟ್ಟುವುದಾಗಿ ಆ ಚರ್ಚು 2018ರಲ್ಲಿ ಘೋಷಿಸಿತು. ಶುರುವಾಗಿದ್ದು 1830ರಲ್ಲಿ, ನ್ಯೂಯಾರ್ಕ್ ರಾಜ್ಯದ ಹಳ್ಳಿಗಾಡಿನಲ್ಲಿ. ಜೋಸೆಫ್ ಸ್ಮಿತ್ ಎಂಬ ರೈತರ ಮನೆಯ ಹುಡುಗ, ಆಗಿನ್ನೂ 24 ವರ್ಷ, ಒಂದು ದಪ್ಪ ಪುಸ್ತಕ ಅಚ್ಚು ಹಾಕಿಸಿದ. ದೇವದೂತ ತೋರಿಸಿದ ಗುಡ್ಡದಲ್ಲಿ ಚಿನ್ನದ ಹಲಗೆಗಳು ಸಿಕ್ಕವು, ದೇವರ ಶಕ್ತಿಯಿಂದ ಅನುವಾದ ಮಾಡಿದೆ, ಹಲಗೆಗಳನ್ನು ದೇವದೂತನಿಗೆ ವಾಪಸ್ ಕೊಟ್ಟೆ ಅಂದ. ಅದೇ ಬುಕ್ ಆಫ್ ಮಾರ್ಮನ್. ಕ್ರಿ.ಪೂ. 600ರ ಹೊತ್ತಿಗೆ ಲೀಹೈ ಎಂಬಾತ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಜೆರುಸಲೇಮ್ ಬಿಟ್ಟು, ಮರುಭೂಮಿ ದಾಟಿ, ಹಡಗು ಕಟ್ಟಿ ಅಮೆರಿಕ ಸೇರಿದ. ಅವನ ಸಂತತಿಯ ಸಾವಿರ ವರ್ಷದ ಕಥೆ ಅದರಲ್ಲಿದೆ.

ಈಗ ಇಕ್ಕಟ್ಟು ಎಲ್ಲಿ ನೋಡಿ. ಸಾವಿರಾರು ವರ್ಷ ಹಳೆಯ ಧರ್ಮಗಳಿಗೆ ಕಾಲದ ಮಂಜು ಒಂದು ರಕ್ಷಣೆ. ನಡೆಯಿತೋ ಇಲ್ಲವೋ, ಕೇಳುವವರಿಗೂ ಹೇಳುವವರಿಗೂ ಸಾಕ್ಷಿ ಸಿಗುವುದಿಲ್ಲ. ಮಾರ್ಮನ್ನರಿಗೆ ಆ ಅನುಕೂಲ ಇಲ್ಲ. ಅವರ ಪ್ರವಾದಿ ಪತ್ರಿಕೆ, ಕೋರ್ಟು, ಜಮೀನು ಪತ್ರಗಳ ಕಾಲದವನು. ಪುಸ್ತಕ ನಿಜವಾದ ಚರಿತ್ರೆ ಅಂತ ಹೇಳಿಕೊಳ್ಳುತ್ತದೆ. ಹಾಗಾದರೆ ಚರಿತ್ರೆಯ ಪರೀಕ್ಷೆಗೂ ಕೂರಬೇಕಲ್ವಾ? ಆ ಪರೀಕ್ಷೆಗೆ ಪುಸ್ತಕವನ್ನು ಕೂರಿಸಿದವರು ನಿಬ್ಲಿ.

ಅವರು ಹುಟ್ಟಿದ್ದು 1910ರಲ್ಲಿ, ಒರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ. ತಾತ ಚಾರ್ಲ್ಸ್ ನಿಬ್ಲಿ ಮರದ ವ್ಯಾಪಾರದಲ್ಲಿ, ಸಕ್ಕರೆಯಲ್ಲಿ ದೊಡ್ಡ ದುಡ್ಡು ಮಾಡಿದವರು, ಕೊನೆಗೆ ಚರ್ಚಿನ ತೀರಾ ಮೇಲಿನ ಹುದ್ದೆಗೂ ಏರಿದವರು. ಮುತ್ತಾತ ಅಲೆಕ್ಸಾಂಡರ್ ನೈಬಾರ್ ಯಹೂದಿ, ಹಲ್ಲಿನ ವೈದ್ಯ. ಮಾರ್ಮನ್ನರಾದ ಮೊದಲ ಯಹೂದಿ ಅವರೇ ಎನ್ನುತ್ತಾರೆ. ಜೋಸೆಫ್ ಸ್ಮಿತ್‌ಗೆ ಹೀಬ್ರೂ, ಜರ್ಮನ್ ಹೇಳಿಕೊಟ್ಟವರು. ಒಂದು ಕಡೆ ದುಡ್ಡು, ಒಂದು ಕಡೆ ಭಾಷೆ. ಮೊಮ್ಮಗ ಭಾಷೆಯ ಕಡೆ ಹೋದ. ದುಡ್ಡಿನ ಕಡೆ ಯಾಕೆ ಹೋಗಲಿಲ್ಲ ಅಂತ ಆಮೇಲೆ ಹೇಳುತ್ತೇನೆ, ಅದರಲ್ಲೊಂದು ಒಳ್ಳೆಯ ಕಥೆ ಇದೆ.

17ರ ವಯಸ್ಸಿಗೆ ಧರ್ಮಪ್ರಚಾರಕ್ಕೆ ಜರ್ಮನಿ. ವಾಪಸ್ ಬಂದು ಲಾಸ್ ಏಂಜಲೀಸ್‌ನಲ್ಲಿ ಪದವಿ, 1938ರಲ್ಲಿ ಬರ್ಕ್ಲಿಯಲ್ಲಿ ಪಿಎಚ್‌ಡಿ. ವಿಷಯ ರೋಮನ್ನರ ಉತ್ಸವದ ಆಟಗಳು: ಅವು ಬರೀ ಮನರಂಜನೆಯಲ್ಲ, ಹಳೇ ಕಾಲದ ವರ್ಷಾರಂಭದ ಆಚರಣೆಯ ಉಳಿಕೆ ಅಂತ ವಾದ. ನಮಗೆ ಇದು ಹೊಸದೇನಲ್ಲ. ಊರಹಬ್ಬದ ಜಾತ್ರೆಯಲ್ಲಿ ಕುಸ್ತಿಯೂ ಇರುತ್ತದೆ, ಪೂಜೆಯೂ ಇರುತ್ತದೆ. ಎರಡರ ನಡುವೆ ಗೆರೆ ಎಳೆಯಲು ಯಾರೂ ಹೋಗುವುದಿಲ್ಲ. ಆದರೆ ಒಂದು ಆಚರಣೆಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು ಹುಡುಕುವ ಈ ಅಭ್ಯಾಸ ಇದೆಯಲ್ಲ, ಅದು ಅವರನ್ನು ಸಾಯುವ ತನಕ ಬಿಡಲಿಲ್ಲ.

ಅಷ್ಟರಲ್ಲಿ ಯುದ್ಧ. ಡಾಕ್ಟರೇಟ್ ಇದ್ದ ಈ ಮನುಷ್ಯ 1942ರಲ್ಲಿ ಸಾಮಾನ್ಯ ಸೈನಿಕನಾಗಿ ಸೇರಿ ಮಾಸ್ಟರ್ ಸಾರ್ಜೆಂಟ್ ಆದರು. ಜರ್ಮನ್ ಬರುತ್ತಿದ್ದ ಕಾರಣ ಮೇರಿಲ್ಯಾಂಡ್‌ನ ಕ್ಯಾಂಪ್ ರಿಚಿಯಲ್ಲಿ ಗುಪ್ತಚರ ತರಬೇತಿ, ಆಮೇಲೆ 101ನೇ ಏರ್‌ಬೋರ್ನ್ ಎಂಬ ಪ್ಯಾರಾಚೂಟ್ ಪಡೆಯ ಜೊತೆ. 1944ರ ಜೂನ್‌ನಲ್ಲಿ ನಾರ್ಮಂಡಿಯ ದಂಡೆಗೆ ಜೀಪು ಓಡಿಸಿಕೊಂಡು ಇಳಿದರು. ಆ ದಂಡೆಗೆ ಸೇನೆ ಇಟ್ಟಿದ್ದ ಹೆಸರು ಯೂಟಾ ಬೀಚ್, ನೋಡಿ. ಜೀಪು ನೀರಿನಲ್ಲಿ ಮುಳುಗುತ್ತಿದ್ದಾಗ ತಲೆಗೆ ಬಂದ ಯೋಚನೆ ಏನು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ: ಬುಕ್ ಆಫ್ ಮಾರ್ಮನ್ ಎಷ್ಟು ಸರಿಯಾಗಿದೆಯಲ್ಲ! ಆ ಪುಸ್ತಕದ ತುಂಬ ಯುದ್ಧಗಳೇ. ಎರಡು ಜನಾಂಗ ಹೊಡೆದಾಡಿ ಸರ್ವನಾಶವಾಗುವ ಕಥೆ. ಯುದ್ಧದ ನಡುವೆ ನಿಂತವನಿಗೆ ಅದು ಸುಮ್ನೆ ಕಥೆ ಅನ್ನಿಸಲಿಲ್ಲ.

1946ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಮದುವೆಯೂ ಅದೇ ವರ್ಷ. ಚರ್ಚಿನ ಹಿರಿಯರೊಬ್ಬರು ಮೊದಲು ಮದುವೆ ಆಗಪ್ಪಾ ಅಂದರಂತೆ. ಅಲ್ಲಿ ಮೊದಲು ಯಾರು ಸಿಗುತ್ತಾರೋ ಅವರನ್ನೇ ಆಗುತ್ತೇನೆ ಅಂದರಂತೆ ಇವರು. ಮನೆ ಹುಡುಕಿಕೊಂಡು ವಿಶ್ವವಿದ್ಯಾಲಯದ ವಸತಿ ಕಚೇರಿಗೆ ಹೋದಾಗ ಮೇಜಿನ ಹಿಂದೆ ಕೂತಿದ್ದ ಫಿಲಿಸ್ ಡ್ರೇಪರ್ ಅವರನ್ನೇ ಆದರು. ಎಂಟು ಮಕ್ಕಳಾದವು. ಹೊಸೆದು ಹೇಳಿದ ಕಥೆಯ ಹಾಗೆ ಕೇಳುತ್ತದೆ, ಆದರೆ ಅವರ ಜೀವನಚರಿತ್ರೆಯಲ್ಲೂ ಹೀಗೇ ಇದೆ.

ಅದೇ 1946ರಲ್ಲಿ ಮೊದಲ ದೊಡ್ಡ ಜಗಳ. ಹಿಂದಿನ ವರ್ಷ ಫಾನ್ ಬ್ರೋಡಿ ಎಂಬಾಕೆ ಜೋಸೆಫ್ ಸ್ಮಿತ್‌ನ ಜೀವನಚರಿತ್ರೆ ಬರೆದಿದ್ದರು. ಹೊರಗಿನವರಲ್ಲ. ಮುಂದೆ ಚರ್ಚಿನ ಅಧ್ಯಕ್ಷರಾದ ಡೇವಿಡ್ ಮೆಕೇ ಅವರಿಗೆ ಸೋದರರ ಮಗಳು. ಸ್ಮಿತ್ ಪುಸ್ತಕವನ್ನು ತಾನೇ ಕಟ್ಟಿದ, ಆಮೇಲೆ ತಾನು ಕಟ್ಟಿದ್ದನ್ನು ತಾನೇ ನಂಬಿದ ಅನ್ನುವುದು ಅವರ ತೀರ್ಮಾನ. ಚರ್ಚು ಆಕೆಯನ್ನು ಹೊರಹಾಕಿತು. ನಿಬ್ಲಿ ಒಂದು ಕಿರುಪುಸ್ತಕ ಬರೆದು ಉತ್ತರ ಕೊಟ್ಟರು. ಅದರ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಇಲ್ಲಮ್ಮಾ, ಅದು ಚರಿತ್ರೆಯಲ್ಲ’. ಹೆಸರಲ್ಲೇ ದನಿ ಗೊತ್ತಾಗುತ್ತದೆ. ಓದಲು ಮಜಾ ಇದೆ, ನಾಲಿಗೆ ಚೂಪು. ಆದರೆ ನಮ್ಮಲ್ಲಿ ವಾದಕ್ಕೆ ಒಂದು ಕ್ರಮ ಇದೆ: ಮೊದಲು ಪೂರ್ವಪಕ್ಷ, ಎದುರಾಳಿಯ ಮಾತನ್ನು ಅವನೇ ಒಪ್ಪುವಷ್ಟು ಚೆನ್ನಾಗಿ ಹೇಳಬೇಕು, ಆಮೇಲೆ ಖಂಡನೆ. ನಿಬ್ಲಿಗೆ ಆ ತಾಳ್ಮೆ ಇರಲಿಲ್ಲ. ಬ್ರೋಡಿ ಗುಡ್ಡೆ ಹಾಕಿದ ದಾಖಲೆಗಳನ್ನು ಎದುರಿಸುವ ಬದಲು ಎಷ್ಟೋ ಕಡೆ ಬರೀ ಗೇಲಿ ಮಾಡಿದರು.

ಅವರ ನಿಜವಾದ ಪಟ್ಟು ಕಾಣುವುದು ಮುಂದಿನ ಕೆಲಸದಲ್ಲಿ. 1950ರಲ್ಲಿ ಚರ್ಚಿನ ಮಾಸಪತ್ರಿಕೆಯಲ್ಲಿ ಲೇಖನಮಾಲೆಯಾಗಿ ಶುರುವಾಗಿ, 1952ರಲ್ಲಿ ಪುಸ್ತಕವಾಗಿದ್ದು ‘ಲೀಹೈ ಇನ್ ದಿ ಡೆಸರ್ಟ್’. ಇಲ್ಲಿ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಅದುವರೆಗೆ ಎಲ್ಲರೂ ಕೇಳುತ್ತಿದ್ದದ್ದು, ಅಮೆರಿಕದ ಮಣ್ಣು ಅಗೆದರೆ ಲೀಹೈ ವಂಶದ ಗುರುತು ಸಿಗುತ್ತದಾ ಅಂತ. ನಿಬ್ಲಿ ಅಂದರು: ಅಮೆರಿಕ ಬಿಡಿ. ಪುಸ್ತಕದ ಮೊದಲ ಭಾಗ ನಡೆಯುವುದು ಅರಬ್ ಮರುಭೂಮಿಯಲ್ಲಿ. ಆ ಮರುಭೂಮಿ ನಮಗೆ ಚೆನ್ನಾಗಿ ಗೊತ್ತು. ನ್ಯೂಯಾರ್ಕ್‌ನ ರೈತರ ಹುಡುಗನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ. ಹಾಗಿದ್ದರೆ ಅಲ್ಲಿನ ವಿವರ ಹೊಂದುತ್ತದಾ ನೋಡೋಣ.

ಆಮೇಲೆ ಉದಾಹರಣೆಗಳ ಸುರಿಮಳೆ. ಲೀಹೈ ಒಂದು ಹೊಳೆಗೆ, ಒಂದು ಕಣಿವೆಗೆ ತನ್ನ ಮಕ್ಕಳ ಹೆಸರಿಡುತ್ತಾನೆ. ನೀನು ಈ ಹೊಳೆಯ ಹಾಗೆ ಹರಿಯುತ್ತಿರು, ನೀನು ಈ ಕಣಿವೆಯ ಹಾಗೆ ಗಟ್ಟಿಯಾಗಿರು ಎಂದು ಹಾಡಿನಂತೆ ಹೇಳುತ್ತಾನೆ. ಅಲೆಮಾರಿ ಅರಬರ ಹಳೇ ಪದ್ಯಗಳೂ ಹೀಗೇ ಅಂದರು ನಿಬ್ಲಿ. ದಾರಿಯಲ್ಲಿ ಅವರು ಹೆಚ್ಚು ಬೆಂಕಿ ಹಾಕುವುದಿಲ್ಲ, ಹಸಿ ಮಾಂಸ ತಿನ್ನುತ್ತಾರೆ. ಯಾಕೆ? ಮರುಭೂಮಿಯಲ್ಲಿ ಹೊಗೆ ಕಂಡರೆ ದರೋಡೆಕೋರರು ಬರುತ್ತಾರೆ. ಪುಸ್ತಕದಲ್ಲಿ ಪಾಂಕಿ ಅಂತ ಒಂದು ಹೆಸರಿದೆ. ಈಜಿಪ್ಟಿನಲ್ಲಿ ಪಿಯಾಂಖಿ ಅಂತ ಇದ್ದ. ಓದುತ್ತಾ ಹೋದರೆ ಹೌದಲ್ಲ ಅನ್ನಿಸುತ್ತದೆ. ನನಗೂ ಅನ್ನಿಸಿತು. ಪುಸ್ತಕ ಕೆಳಗಿಟ್ಟು ಒಂದು ಲೋಟ ಕಾಫಿ ಕುಡಿದ ಮೇಲೆ ಅನುಮಾನ ಶುರುವಾಯಿತು. ಮಾರ್ಮನ್ನರು ಕಾಫಿ ಕುಡಿಯುವುದಿಲ್ಲ, ಅದು ಬೇರೆ ಮಾತು.

ಅನುಮಾನ ಏನೆಂದರೆ, ಹೊಂದಿದ್ದನ್ನು ಎಣಿಸಿದ್ದಾರೆ, ಹೊಂದದ್ದನ್ನು ಎಣಿಸಿಲ್ಲ. ಅದೇ ಬುಕ್ ಆಫ್ ಮಾರ್ಮನ್ ಪ್ರಕಾರ ಅಮೆರಿಕದಲ್ಲಿ ಕುದುರೆ ಇದೆ, ಉಕ್ಕು ಇದೆ, ಗೋಧಿ ಇದೆ. ಕೊಲಂಬಸ್‌ಗೆ ಮೊದಲಿನ ಅಮೆರಿಕದಲ್ಲಿ ಅವು ಇದ್ದವು ಅನ್ನುವುದಕ್ಕೆ ಪುರಾತತ್ವದವರು ಒಪ್ಪುವ ಗುರುತು ಸಿಕ್ಕಿಲ್ಲ. ನೂರಾರು ಹೆಸರುಗಳಿರುವ ಪುಸ್ತಕವನ್ನು ಎಲ್ಲ ಪ್ರಾಚೀನ ಭಾಷೆಗಳ ಪಕ್ಕ ಇಟ್ಟರೆ ನಾಲ್ಕಾರು ಹೋಲದೇ ಇರುತ್ತವಾ? ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತೀವಲ್ಲ, ಕಾಡು ದೊಡ್ಡದಾದಷ್ಟೂ ಅಂಥ ಕೊಂಬೆ ಜಾಸ್ತಿ. ಹತ್ತಕ್ಕೂ ಹೆಚ್ಚು ಭಾಷೆ ಓದಬಲ್ಲ ನಿಬ್ಲಿಯ ಕಾಡು ಬಹಳ ದೊಡ್ಡದಿತ್ತು.

ಆದರೆ ನಾವು ಜಾಸ್ತಿ ನಗಬಾರದು. ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಒಂದು ಗ್ರೀಕ್ ಪಪೈರಸ್ 1903ರಲ್ಲಿ ಪ್ರಕಟವಾಯಿತು. ಒಂದು ಪ್ರಹಸನ. ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿ ಭಾರತದ ರಾಜನ ಕೈಗೆ ಸಿಕ್ಕಿಬಿದ್ದಿರುತ್ತಾಳೆ. ರಾಜನ ಕಡೆಯವರು ಗ್ರೀಕ್ ಅಲ್ಲದ ಏನೋ ಮಾತಾಡುತ್ತಾರೆ. 1904ರಲ್ಲಿ ಜರ್ಮನ್ ವಿದ್ವಾಂಸ ಹುಲ್ಟ್ಸ್ ಅದು ಕನ್ನಡ ಇರಬಹುದು ಅಂದರು. ನಮ್ಮ ಶಾಮಾಶಾಸ್ತ್ರಿಗಳು, ಗೋವಿಂದ ಪೈಗಳು ಅದರ ಬೆನ್ನು ಹತ್ತಿದರು. ಆಮೇಲೆ ಅದು ತುಳು ಅಂದವರು ಬಂದರು. ಬರೀ ನಗಿಸಲು ಕಟ್ಟಿದ ಅರ್ಥವಿಲ್ಲದ ಶಬ್ದ ಅಂದವರೂ ಇದ್ದಾರೆ. ಎರಡನೇ ಶತಮಾನದ ಈಜಿಪ್ಟಿನಲ್ಲಿ ಕನ್ನಡ ಅಂತ ಕೇಳಿದಾಗ ನಿಮಗೆಷ್ಟು ಖುಷಿಯಾಗುತ್ತದೆ ಹೇಳಿ. ಆ ಖುಷಿಯನ್ನು ನೂರು ಪಟ್ಟು ಮಾಡಿ, ಅದರ ಮೇಲೆ ನಿಮ್ಮ ಮೋಕ್ಷವೇ ನಿಂತಿದೆ ಅಂದುಕೊಳ್ಳಿ. ನಿಬ್ಲಿ ಕೂತು ಓದುತ್ತಿದ್ದದ್ದು ಅಂಥ ಕುರ್ಚಿಯಲ್ಲಿ.

ಕೆಲವೊಮ್ಮೆ ಕಾಗೆ ಚೆನ್ನಾಗಿಯೇ ಕೂತಿತು, ಅದನ್ನೂ ಹೇಳಬೇಕು. ಬುಕ್ ಆಫ್ ಮಾರ್ಮನ್‌ನಲ್ಲಿ ಆಲ್ಮಾ ಎಂಬ ಗಂಡಸು ಬರುತ್ತಾನೆ, ದೊಡ್ಡ ಪಾತ್ರ. ಆಲ್ಮಾ ಹೆಂಗಸಿನ ಹೆಸರು, ಸ್ಮಿತ್‌ಗೆ ಅಷ್ಟೂ ಗೊತ್ತಿರಲಿಲ್ಲ ಅಂತ ಟೀಕಾಕಾರರು ನಗುತ್ತಿದ್ದರು. ಇಸ್ರೇಲಿನ ಪುರಾತತ್ವಜ್ಞ ಯಿಗೇಲ್ ಯಾದಿನ್ ಮೃತ ಸಮುದ್ರದ ಹತ್ತಿರದ ಗುಹೆಯಲ್ಲಿ, ಎರಡನೇ ಶತಮಾನದಲ್ಲಿ ರೋಮನ್ನರ ವಿರುದ್ಧ ದಂಗೆ ಎದ್ದ ಯಹೂದಿ ನಾಯಕ ಬಾರ್ ಕೋಖ್ಬಾ ಕಾಲದ ಪತ್ರಗಳನ್ನು ಹೊರತೆಗೆದಾಗ ಒಂದು ಜಮೀನು ಕರಾರಿನಲ್ಲಿ ಆ ಹೆಸರಿನ ಗಂಡಸು ಸಿಕ್ಕಿದ. ಯೆಹೂದನ ಮಗ ಆಲ್ಮಾ. 1973ರಲ್ಲಿ ನಿಬ್ಲಿ ಇದನ್ನು ಎತ್ತಿ ತೋರಿಸಿದರು. ನಮ್ಮಲ್ಲಿ ಕಿರಣ್ ಅಂದರೆ ಹುಡುಗ, ಉತ್ತರದ ಕಡೆ ಎಷ್ಟೋ ಮನೆಗಳಲ್ಲಿ ಹುಡುಗಿ. ಹೆಸರು ಹಿಡಿದು ನಗುವುದು ಅಪಾಯ. ಹಾಗಂತ ಒಂದು ಹೆಸರು ಸಿಕ್ಕಿತು ಅಂದರೆ ಪುಸ್ತಕ ಪೂರ್ತಿ ಗೆದ್ದ ಹಾಗಲ್ಲ. ಒಂದು ಗೇಲಿ ಸೋತಿತು, ಅಷ್ಟೇ.

ಈಗ ಅವರ ಜೀವನದ ಕಷ್ಟದ ಗಂಟಿಗೆ ಬರೋಣ. 1835ರಲ್ಲಿ ಒಹಾಯೋದ ಕರ್ಟ್‌ಲ್ಯಾಂಡ್ ಊರಿಗೆ ಮೈಕೆಲ್ ಚಾಂಡ್ಲರ್ ಎಂಬಾತ ಈಜಿಪ್ಟಿನ ಮಮ್ಮಿಗಳ ಪ್ರದರ್ಶನ ತಂದ. ನಾಲ್ಕು ಮಮ್ಮಿ, ಜೊತೆಗೆ ಪಪೈರಸ್ ಸುರುಳಿಗಳು, ಒಟ್ಟು 2,400 ಡಾಲರ್‌ಗೆ ಮಾರ್ಮನ್ನರು ಕೊಂಡರು. ಒಂದು ಸುರುಳಿ ಬೈಬಲ್ಲಿನ ಮೂಲಪುರುಷ ಅಬ್ರಹಾಮನ ಬರಹ ಅಂತ ಜೋಸೆಫ್ ಸ್ಮಿತ್ ಹೇಳಿ ಬುಕ್ ಆಫ್ ಅಬ್ರಹಾಂ ಕೊಟ್ಟ. ಅದೂ ಧರ್ಮಗ್ರಂಥವಾಯಿತು. ಸ್ಮಿತ್ 1844ರಲ್ಲಿ ಗುಂಪಿನ ಗುಂಡಿಗೆ ಬಲಿಯಾದ. ಪಪೈರಸ್‌ಗಳು ಕೈಬದಲಾದವು, 1871ರ ಶಿಕಾಗೋ ಬೆಂಕಿಯಲ್ಲಿ ಸುಟ್ಟವು ಅಂತ ಎಲ್ಲರೂ ಅಂದುಕೊಂಡರು. ಚಿನ್ನದ ಹಲಗೆ ಇಲ್ಲ, ಪಪೈರಸ್ಸೂ ಇಲ್ಲ. ವಾದಕ್ಕೆ ಒಂಥರಾ ನಿರಾಳ.

1966ರಲ್ಲಿ ಯೂಟಾದಲ್ಲಿ ಪಾಠ ಮಾಡುತ್ತಿದ್ದ ಈಜಿಪ್ಟ್ ಮೂಲದ ವಿದ್ವಾಂಸ ಅಜೀಜ್ ಅಟಿಯಾ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಆ ಚೂರುಗಳನ್ನು ಗುರುತು ಹಿಡಿದರು. 1967ರ ನವೆಂಬರ್ 27ರಂದು ಮ್ಯೂಸಿಯಂ 11 ಚೂರುಗಳನ್ನು ಚರ್ಚಿಗೆ ಕೊಟ್ಟಿತು. ಈಗ ಜಗತ್ತಿನಲ್ಲಿ ಈಜಿಪ್ಟಿನ ಲಿಪಿ ಓದಬಲ್ಲವರು ಇದ್ದರು. ಓದಿದರು. ಅಬ್ರಹಾಮನ ಹೆಸರೇ ಇರಲಿಲ್ಲ. ಸತ್ತವರ ಜೊತೆ ಇಡುವ ಮಂತ್ರಗಳು. ಮುಖ್ಯ ಚೂರು ಹೋರ್ ಎಂಬ ಪುರೋಹಿತನ ಹೆಸರಿನಲ್ಲಿದ್ದ ‘ಉಸಿರಿನ ಪುಸ್ತಕ’, ಆಚೆ ಲೋಕದಲ್ಲಿ ಉಸಿರಾಡಲು ಪರವಾನಗಿ ಅಂದುಕೊಳ್ಳಿ. ಅಬ್ರಹಾಮನ ಕಾಲಕ್ಕಿಂತ ಎಷ್ಟೋ ಶತಮಾನ ಈಚಿನದು. ಅದನ್ನು ಅನುವಾದಿಸಿದವರಲ್ಲಿ ಒಬ್ಬರು ಶಿಕಾಗೋದ ಕ್ಲಾವ್ಸ್ ಬೇರ್. ಯಾರು ಗೊತ್ತಾ ಅವರು? ನಿಬ್ಲಿಗೆ ಈಜಿಪ್ಟಿನ ಭಾಷೆ ಹೇಳಿಕೊಟ್ಟ ಗುರು.

ನಿಬ್ಲಿ ಹಿಂದೆ ಸರಿಯಲಿಲ್ಲ. 1968ರ ಜನವರಿಯಿಂದ 1970ರ ಮೇ ತನಕ ಚರ್ಚಿನ ಪತ್ರಿಕೆಯಲ್ಲಿ ಬರೆದೇ ಬರೆದರು. ಸಿಕ್ಕಿದ್ದು ಕೆಲವೇ ಚೂರು, ಅಬ್ರಹಾಮನ ಭಾಗ ಕಳೆದಿರಬಹುದು ಅಂದರು. ಈಜಿಪ್ಟಾಲಜಿಯವರ ಒಳಜಗಳಗಳನ್ನೆಲ್ಲ ತೆಗೆದು ಹರವಿದರು. 1975ರಲ್ಲಿ ದಪ್ಪ ಪುಸ್ತಕ ತಂದು ಇನ್ನೊಂದು ದಾರಿ ಹಿಡಿದರು: ಉಸಿರಿನ ಪುಸ್ತಕವೇ ಆಗಲಿ, ಅದು ಬರೀ ಶವಸಂಸ್ಕಾರದ್ದಲ್ಲ, ದೀಕ್ಷೆಯ ಆಚರಣೆ, ನಮ್ಮ ದೇವಾಲಯದ ದೀಕ್ಷೆಯಂಥದ್ದೇ. ಗಮನಿಸಿ, ಮೂಲ ಪ್ರಶ್ನೆ ಸ್ಮಿತ್ ಮಾಡಿದ್ದು ಅನುವಾದವೇ ಅನ್ನುವುದು. ಉತ್ತರ ಮಾತ್ರ ಬೇರೆ ಊರಿಗೆ ಹೋಯಿತು. ನನ್ನ ಲೆಕ್ಕದಲ್ಲಿ ಇದು ಅವರು ಸೋತ ಮೊಕದ್ದಮೆ. 2014ರಲ್ಲಿ ಚರ್ಚೇ ಪ್ರಕಟಿಸಿದ ಬರಹದಲ್ಲಿ, ಚೂರುಗಳ ಮೇಲಿನ ಅಕ್ಷರಗಳಿಗೂ ಬುಕ್ ಆಫ್ ಅಬ್ರಹಾಂಗೂ ಹೊಂದಾಣಿಕೆ ಇಲ್ಲ, ಇದನ್ನು ಮಾರ್ಮನ್ ಈಜಿಪ್ಟಾಲಜಿಸ್ಟರೂ ಒಪ್ಪುತ್ತಾರೆ ಅಂತ ಬರೆದಿದೆ. ಹಾಗಂತ ಗ್ರಂಥವನ್ನು ಕೈಬಿಟ್ಟಿಲ್ಲ.

ಅಡಿಟಿಪ್ಪಣಿಗಳ ಬಗ್ಗೆ ಹೇಳದಿದ್ದರೆ ನಿಬ್ಲಿ ಬಗ್ಗೆ ಹೇಳಿದ ಹಾಗಾಗುವುದಿಲ್ಲ. ಚೀಟಿಗಳ ಮೇಲೆ ಟಿಪ್ಪಣಿ, ಚೀಟಿಗಳು ಶೂ ಬಾಕ್ಸ್‌ಗಳಲ್ಲಿ. ಕೆಲವು ಟಿಪ್ಪಣಿ ಶಾರ್ಟ್‌ಹ್ಯಾಂಡ್‌ನಲ್ಲಿ. ಒಂದೇ ಪುಟದಲ್ಲಿ ಗ್ರೀಕ್, ಸಿರಿಯಾಕ್, ಅರೇಬಿಕ್, ಕಾಪ್ಟಿಕ್ ಆಕರಗಳು. ಸಾಮಾನ್ಯ ಓದುಗನಿಗೆ ಪರೀಕ್ಷಿಸಲು ಆಗುವುದಿಲ್ಲ, ಬೆರಗಾಗುವುದೊಂದೇ ದಾರಿ. 1986ರಿಂದ ಅವರ ಸಮಗ್ರ ಕೃತಿಗಳು ಬರತೊಡಗಿದಾಗ ಸಂಪಾದಕರು ಒಂದೊಂದೇ ಟಿಪ್ಪಣಿ ಹಿಡಿದು ಮೂಲ ಹುಡುಕಬೇಕಾಯಿತು. ಒಟ್ಟು 19 ಸಂಪುಟ. 1988ರಲ್ಲಿ ಮೊದಲ ಸಂಪುಟವನ್ನು ಖಾರವಾಗಿ ವಿಮರ್ಶಿಸಿದವರು ಹೊರಗಿನವರಲ್ಲ, ಅದೇ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು. ಬೇರೆ ಬೇರೆ ಕಾಲ, ಬೇರೆ ಬೇರೆ ನಾಡಿನ ಆಕರಗಳನ್ನು ಒಂದೇ ಮಡಕೆಗೆ ಹಾಕಿ ಕುದಿಸಿದ್ದಾರೆ ಅನ್ನುವುದು ಅವರ ತಕರಾರಿನ ಸಾರ. ಇದೇ ನಿಬ್ಲಿ ಬೇರೆ ವಿಷಯಗಳ ಮೇಲೆ ಬರೆದಾಗ ಹೊರಗಿನ ಗಂಭೀರ ಪತ್ರಿಕೆಗಳು ಅಚ್ಚು ಹಾಕಿದ್ದವು, ಅದೂ ನೆನಪಿರಲಿ. ಆದಿಕಾಲದ ಕ್ರೈಸ್ತರ ಬಗ್ಗೆ 1961ರಲ್ಲಿ ‘ಚರ್ಚ್ ಹಿಸ್ಟರಿ’ ಪತ್ರಿಕೆಯಲ್ಲಿ ಬಂದ ಲೇಖನವನ್ನು ಮಾರ್ಮನ್ ಧರ್ಮಕ್ಕೆ ಸಂಬಂಧವೇ ಇಲ್ಲದವರೂ ಓದಿದರು.

ಈಗ ಆಗ ಬಾಕಿ ಇಟ್ಟಿದ್ದ ದುಡ್ಡಿನ ಕಥೆ. ಚಿಕ್ಕ ಹುಡುಗನಾಗಿದ್ದಾಗ ನಿಬ್ಲಿ ಒರೆಗಾನ್‌ನ ದಟ್ಟ ಕಾಡು ನೋಡಿದ್ದರು. ಆ ಕಾಡು ಬೋಳಾಗುವುದನ್ನೂ ನೋಡಿದರು. ಕಡಿದವರಲ್ಲಿ ತಾತನ ಕಂಪನಿಯೂ ಇತ್ತು. ತಾತ 1931ರಲ್ಲಿ ತೀರಿಕೊಂಡರು. ಅದಕ್ಕೆ ಸ್ವಲ್ಪ ಮೊದಲು ಮೊಮ್ಮಗನನ್ನು ಕೂರಿಸಿಕೊಂಡು ಹೇಳಿದ ಮಾತು ಇದಂತೆ: ಈಗ ಈ ಬಾಗಿಲಿನಿಂದ ಒಬ್ಬ ದೇವದೂತ ಒಳಗೆ ಬಂದರೆ ನಾನು ಆ ಕಿಟಕಿಯಿಂದ ಹಾರಿಬಿಡುತ್ತೇನೆ. ಚರ್ಚಿನ ಅತ್ಯುನ್ನತ ಮೂವರಲ್ಲಿ ಒಬ್ಬರಾಗಿದ್ದ ಮನುಷ್ಯ. ವ್ಯಾಪಾರದಲ್ಲಿ ಏನೇನು ಮಾಡಿದ್ದರೋ ಅವರಿಗೇ ಗೊತ್ತು. ನಿಬ್ಲಿ ಈ ಮಾತನ್ನು ಮರೆಯಲಿಲ್ಲ, ಮುಚ್ಚಿಡಲೂ ಇಲ್ಲ. ಭಾಷಣಗಳಲ್ಲಿ ಹೇಳಿಕೊಂಡರು.

ಅವರ ಬರಹದಲ್ಲಿ ನನಗೆ ಇಷ್ಟವಾಗುವುದು ಇಲ್ಲಿಂದ ಹುಟ್ಟಿದ ಭಾಗ. 1989ರಲ್ಲಿ ‘ಅಪ್ರೋಚಿಂಗ್ ಜಯಾನ್’ ಅಂತ ಸಂಗ್ರಹವಾಗಿ ಬಂದ ಭಾಷಣಗಳು. ಕೇಳುಗರು ಯಾರು? ದುಡಿದರೆ ದೇವರು ದುಡ್ಡು ಕೊಡುತ್ತಾನೆ ಅಂತ ನಂಬಿದ, ಅಚ್ಚುಕಟ್ಟಾದ, ಬಲಪಂಥದ ಕಡೆ ವಾಲಿದ ಮಾರ್ಮನ್ನರು. ಅವರ ಮುಂದೆ ನಿಂತು ಈತ ಹೇಳಿದ್ದು: ಬಿಟ್ಟಿ ಊಟ ಎಲ್ಲೂ ಇಲ್ಲ ಅನ್ನುವುದು ಸುಳ್ಳು, ಊಟ ದೇವರು ಆಗಲೇ ಬಡಿಸಿಟ್ಟಿದ್ದಾನೆ, ಕೆಲಸ ಮಾಡಬೇಕು, ಆದರೆ ಊಟಕ್ಕಾಗಿ ಅಲ್ಲ. ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದದ್ದನ್ನೇ ಈತ ಲ್ಯಾಟಿನ್ ಟಿಪ್ಪಣಿ ಹಚ್ಚಿ ಹೇಳಿದರು. ಭೂಮಿಯ ಮೇಲೆ ಅಧಿಕಾರ ಅಂದರೆ ಕಡಿದು ಮಾರುವ ಹಕ್ಕಲ್ಲ ಅಂದರು. ವಿಯೆಟ್ನಾಂ ಯುದ್ಧ ತಪ್ಪು ಅಂದರು. ಎಲ್ಲಕ್ಕೂ ಆಧಾರ? ಬುಕ್ ಆಫ್ ಮಾರ್ಮನ್. ನೋಡಿ, ಅದರಲ್ಲಿ ಜನಾಂಗ ಹಾಳಾಗುವುದು ಯಾವಾಗ? ದುಡ್ಡು ಬಂದಾಗ, ಬಟ್ಟೆಯಲ್ಲಿ ಮೇಲು ಕೀಳು ಶುರುವಾದಾಗ. ಅದು ನಿಜವಾದ ಪುಸ್ತಕ ಅಂತ ನಾನು ಇಷ್ಟು ವರ್ಷ ವಾದಿಸಿದ್ದು ಯಾಕೆ, ನೀವು ಕಪಾಟಿನಲ್ಲಿ ಇಡಲಿ ಅಂತಲಾ?

ಬೇರೆ ಯಾರಾದರೂ ಇಷ್ಟು ಬೈದಿದ್ದರೆ ಅವರ ಗತಿ ಬೇರೆಯೇ ಇರುತ್ತಿತ್ತು. ಇವರನ್ನು ಸಹಿಸಿಕೊಂಡರು, ಯಾಕೆಂದರೆ ಹೊರಗಿನವರು ಬಂದಾಗ ಬಾಗಿಲಲ್ಲಿ ನಿಲ್ಲುತ್ತಿದ್ದದ್ದು ಇವರೇ. ಕೋಟು ಹಳೆಯದು, ಬದುಕು ಸರಳ. ಬೈದದ್ದಕ್ಕೆ ತಕ್ಕ ಹಾಗೆ ಬದುಕಿದ್ದರಿಂದ ತಿರುಗಿ ಬೈಯಲು ಸುಲಭದ ಕಾರಣವೂ ಸಿಗಲಿಲ್ಲ.

ಅವರ ಹಿಂದೆ ಒಂದು ಪಡೆಯೇ ಬೆಳೆಯಿತು. 1979ರಲ್ಲಿ ಜಾನ್ ವೆಲ್ಚ್ ಶುರುಮಾಡಿದ ಫಾರ್ಮ್ಸ್ ಎಂಬ ಸಂಸ್ಥೆ ವಿಮರ್ಶೆಗೆ ಪ್ರತಿವಿಮರ್ಶೆ ಬರೆಯುವುದನ್ನೇ ಕಸುಬು ಮಾಡಿಕೊಂಡಿತು. ಆಮೇಲೆ ವಿಶ್ವವಿದ್ಯಾಲಯವೇ ಅದನ್ನು ಒಳಗೆ ತೆಗೆದುಕೊಂಡಿತು. 2012ರಲ್ಲಿ ಅದರ ಪತ್ರಿಕೆಯ ಸಂಪಾದಕ ಡೇನಿಯಲ್ ಪೀಟರ್ಸನ್ ಅವರನ್ನು ಆ ಜಾಗದಿಂದ ಇಳಿಸಿದರು. ಸಂಸ್ಥೆ ವಾದ ಬಿಟ್ಟು ಅಧ್ಯಯನದ ಕಡೆ ತಿರುಗಿತು, ಪೀಟರ್ಸನ್ ಹೊರಗೆ ಬೇರೆ ಪತ್ರಿಕೆ ತೆಗೆದರು. ಆದರೆ ಈ ಪಡೆ ನಿಬ್ಲಿಯಿಂದ ತೆಗೆದುಕೊಂಡಿದ್ದು ಜಾಸ್ತಿ ವಕೀಲಿಕೆಯನ್ನು. ಬೈಗುಳವನ್ನು ಹಾಗೇ ಬಿಟ್ಟಿತು.

ನಿಬ್ಲಿ 2005ರ ಫೆಬ್ರವರಿ 24ರಂದು ಪ್ರೊವೊದಲ್ಲಿ ತೀರಿಕೊಂಡರು. 94 ವರ್ಷ. ಕೊನೆಯ ವರ್ಷಗಳಲ್ಲೆಲ್ಲ ಕೈಯಲ್ಲಿದ್ದದ್ದು ಒಂದೇ ಕೆಲಸ. ಈಜಿಪ್ಟಿನವರು ಮಮ್ಮಿಯ ತಲೆಯಡಿ ಒಂದು ಗುಂಡನೆಯ ಬಿಲ್ಲೆ ಇಡುತ್ತಿದ್ದರು, ತುಂಬ ಚಿತ್ರ, ಸುತ್ತ ಬರಹ. ಅಂಥದ್ದೊಂದರ ಚಿತ್ರ ಬುಕ್ ಆಫ್ ಅಬ್ರಹಾಂನಲ್ಲಿದೆ. ಆ ಒಂದು ಬಿಲ್ಲೆಯಿಂದ ಹೊರಟು ಗ್ರೀಸಿಗೆ, ಬ್ಯಾಬಿಲೋನಿಗೆ, ಗಣಿತಕ್ಕೆ, ನಕ್ಷತ್ರಗಳಿಗೆ ಹೋದರು. ಒಂದು ಅಧ್ಯಾಯ ಮುಗಿಯುವಷ್ಟರಲ್ಲಿ ಹೊಸ ಪುಸ್ತಕ ಕಣ್ಣಿಗೆ ಬೀಳುತ್ತಿತ್ತು, ಮತ್ತೆ ತಿದ್ದಲು ಕೂರುತ್ತಿದ್ದರು. ಮುಗಿಸಲೇ ಇಲ್ಲ. ಮೈಕೆಲ್ ರೋಡ್ಸ್ ಎಂಬ ಈಜಿಪ್ಟಾಲಜಿಸ್ಟ್ ಆ ಕರಡುಗಳನ್ನೆಲ್ಲ ಜೋಡಿಸಿ 2010ರಲ್ಲಿ ಹೊರತಂದರು. ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ.